ಮಾಸ್ತರರು ಬಿಟ್ಟ ಒಂದೂವರೆ ಇಂಚು

ಅರವತ್ತನಾಲ್ಕು ಮನೆಗಳ ಆ ಬಡಾವಣೆಯಲ್ಲಿ ಸುಳ್ಳಾಡದ ವಸ್ತು ಒಂದೇ ಒಂದಿದೆ, ಅದು ಟೇಲರ್ ಮಾಸ್ತರರ ಟೇಪು ಎಂದು ಜನ ಹೇಳುತ್ತಿದ್ದರು. ಮಿಕ್ಕದ್ದೆಲ್ಲ ಒಂದಲ್ಲ ಒಂದು ಸಲ ಮಾತಿಗೆ ತಪ್ಪಿತ್ತು. ಮನೆ ಮಾರುವಾಗ ಬಿಲ್ಡರ್ ಹಂಚಿದ ಬಣ್ಣದ ಪುಸ್ತಿಕೆಯಲ್ಲಿ ಒಂದು ಕೊಳವಿತ್ತು, ಕೊಳದಲ್ಲಿ ಬಾತುಕೋಳಿಗಳಿದ್ದವು, ದಡದಲ್ಲಿ ಹಲ್ಲು ಕಾಣುವಂತೆ ನಗುವ ಒಂದು ಸಂಸಾರವಿತ್ತು. ಬೀಗದ ಕೈ ಪಡೆದು ಒಳಬಂದವರಿಗೆ ಕೊಳವೂ ಸಿಗಲಿಲ್ಲ, ಬಾತೂ ಸಿಗಲಿಲ್ಲ. ನಗುವಂತೂ ಅಂದಿಗೇ ಮುಗಿಯಿತು. ಕೇಳಹೋದವರಿಗೆ ಬಿಲ್ಡರ್ ಕೊನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂತೆ ಹರಿದಿದ್ದ ಅಕ್ಷರಗಳನ್ನು ತೋರಿಸಿದನು: ‘ಚಿತ್ರಗಳೆಲ್ಲ ಕಲ್ಪಿತ.’

ನಿವಾಸಿಗಳು ಸಂಘ ಕಟ್ಟಿದರು. ನಿವೃತ್ತ ಪ್ರಿನ್ಸಿಪಾಲರು ಅಧ್ಯಕ್ಷರಾದರು. ಮೊಕದ್ದಮೆ ಹೂಡಿ ಏಳು ವರ್ಷಗಳಾದವು. ಎರಡನೆಯ ವರ್ಷ ಕೊಳದ ಬೇಡಿಕೆ ಬಿದ್ದುಹೋಯಿತು, ಮೂರನೆಯ ವರ್ಷ ಈಜುಕೊಳ. ಪುಸ್ತಿಕೆಯಲ್ಲಿ ಹೇಳಿದ ‘ಹಕ್ಕಿಗಳ ಇಂಚರ’ ನಾಲ್ಕನೆಯ ವರ್ಷದಲ್ಲಿ ಸೋತಿತು. ಹಕ್ಕಿಗಳು ತಮ್ಮ ಕಕ್ಷಿದಾರನ ನೌಕರರಲ್ಲವೆಂದು ಬಿಲ್ಡರನ ವಕೀಲರು ವಾದಿಸಿ ಗೆದ್ದರು. ಹೀಗೆ ಒಂದೊಂದೇ ಉದುರಿ, ಕೊನೆಗೆ ಉಳಿದದ್ದು ಒಂದು ನಡಿಗೆಯ ದಾರಿ. ಬಿಲ್ಡರನ ಕ್ಲಬ್ಬಿನ ಕಟ್ಟಡಕ್ಕೂ ಮನೆಗಳ ಸಾಲಿಗೂ ನಡುವಿನ ಪಾರ್ಕಿನಲ್ಲಿ ಮೂರಡಿ ಅಗಲದ ದಾರಿಯೊಂದನ್ನು ಮಂಜೂರಾದ ನಕ್ಷೆ ಚುಕ್ಕಿಗಳಲ್ಲಿ ತೋರಿಸಿತ್ತು. ನೆಲದ ಮೇಲೆ ಪಾರ್ಕಿನ ಗಿಡಗಳ ಸಾಲು ಬಿಟ್ಟರೆ ದಾರಿಗೆ ಜಾಗವೇ ಉಳಿದಿರಲಿಲ್ಲ. ಕ್ಲಬ್ಬಿನ ಗೋಡೆ ಮೂರಡಿ ಒಳಕ್ಕೆ ಬಂದು ದಾರಿಯನ್ನು ನುಂಗಿದೆ ಎಂಬುದು ಸಂಘದ ಆರೋಪ.

ಸಂಘಕ್ಕೆ ಆ ದಾರಿ ಹಟದ ವಿಷಯ. ಮಾಸ್ತರರಿಗೆ ಅದು ಹೆಂಡತಿಯ ಮಂಡಿಯ ವಿಷಯ. ಆಕೆಯ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ದಿನಕ್ಕೊಂದು ಗಂಟೆ ಸಮತಟ್ಟಾದ ನೆಲದಲ್ಲಿ ನಡೆಯದಿದ್ದರೆ ಕಾಲು ಮತ್ತೆ ಮರಗಟ್ಟುವುದೆಂದು ಡಾಕ್ಟರು ಹೇಳಿದ್ದರು. ಹೊರಗಿನ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳ ಹಾವಳಿ. ಒಂದು ದಿನ ಲಾರಿಗೆ ದಾರಿ ಬಿಡಲು ಹೋಗಿ ಆಕೆ ಚರಂಡಿಗೆ ಬಿದ್ದು ಕೈ ಮುರಿದುಕೊಂಡರು. ಅಂದಿನಿಂದ ಅಡುಗೆಮನೆಯಿಂದ ಮುಂಬಾಗಿಲಿಗೆ, ಮುಂಬಾಗಿಲಿನಿಂದ ಅಡುಗೆಮನೆಗೆ ಗಾಣದ ಎತ್ತಿನಂತೆ ಸುತ್ತುತ್ತಿದ್ದರು. ನಡುವೆ ಹೊಲಿಗೆ ಯಂತ್ರ ಅಡ್ಡ. ಪ್ರತಿ ಸುತ್ತಿಗೂ ಮಾಸ್ತರರು ಸ್ಟೂಲನ್ನು ಹಿಂದಕ್ಕೆ ಸರಿಸಿ ದಾರಿ ಬಿಡಬೇಕಾಗಿತ್ತು.

ಕ್ಲಬ್ಬಿನ ಜಾಗವನ್ನು ಅಳೆದು ಸಾಕ್ಷಿ ಹೇಳುವವರು ಬೇಕಾದಾಗ ಪ್ರಿನ್ಸಿಪಾಲರು ಸಭೆಯಲ್ಲಿ ಎದ್ದು ನಿಂತರು. “ಸರ್ವೆಯರ್‌ನ ಕರೆಸಿದ್ರೆ ಬಿಲ್ಡರ್ ಅವನನ್ನ ಜೇಬಿಗೆ ಹಾಕ್ಕೋತಾನೆ. ನಮ್ಮ ಮಾಸ್ಟ್ರನ್ನ ಯಾರು ಹಾಕ್ಕೋತಾರೆ? ಮೂವತ್ತೆಂಟು ವರ್ಷದಲ್ಲಿ ಇವರು ಹೊಲಿದ ಒಂದು ಅಂಗಿ ಬಿಗಿಯಾಯ್ತು ಅಂತ ವಾಪಸ್ ಬಂದಿದ್ಯಾ?”

ಸಭೆ ಚಪ್ಪಾಳೆ ತಟ್ಟಿತು. ಮಾಸ್ತರರು ಬೇರೆಯವರ ಉಕ್ಕಿನ ಟೇಪನ್ನು ಮುಟ್ಟಲಿಲ್ಲ. ಕೊರಳಿನಲ್ಲಿ ಹಾವಿನ ಹಾಗೆ ಜೋತಿದ್ದ ತಮ್ಮ ಅರವತ್ತು ಇಂಚಿನ ಬಟ್ಟೆಯ ಟೇಪನ್ನೇ ತೆಗೆದು, ರಸ್ತೆಯಂಚಿನ ಗಡಿಕಲ್ಲಿನಿಂದ ಹಿಡಿದು, ಮಂಡಿಯೂರಿ, ಸೀಮೆಸುಣ್ಣದಿಂದ ಗುರುತು ಹಾಕುತ್ತ ಪಾರ್ಕಿನ ಕಡೆಗಿರುವ ಕ್ಲಬ್ಬಿನ ಗೋಡೆಯವರೆಗೆ ಅಳೆದರು. ಇಪ್ಪತ್ತನಾಲ್ಕು ಸಲ ಟೇಪು ಹಾಸಿ, ಇಪ್ಪತ್ತನಾಲ್ಕು ಸಲ ಕಿವಿಯ ಮೇಲಿನ ಪೆನ್ಸಿಲು ತೆಗೆದು ಬರೆದರು. ಕೂಡಿಸಿದರೆ ನೂರ ಇಪ್ಪತ್ತಮೂರು ಅಡಿ. ನಕ್ಷೆಯಲ್ಲಿ ಕ್ಲಬ್ಬಿಗೆ ಕೊಟ್ಟದ್ದು ನೂರ ಇಪ್ಪತ್ತು. ಸರಿಯಾಗಿ ಮೂರಡಿ! ಬಡಾವಣೆಯೇ ಕುಣಿಯಿತು. ಆ ಹಾಳೆ ಪ್ರಮಾಣಪತ್ರದೊಡನೆ ನ್ಯಾಯಾಲಯ ಸೇರಿತು.

ಸಾಕ್ಷಿ ಹೇಳಬೇಕಾದ ಹಿಂದಿನ ದಿನ ಮಧ್ಯಾಹ್ನ ಮಾಸ್ತರರು ಮೇಜಿನ ಮೇಲೆ ಬಟ್ಟೆ ಹಾಸಿ ಅಂಗಿಯೊಂದನ್ನು ಕತ್ತರಿಸುತ್ತಿದ್ದರು. ಹೆಂಡತಿ ತಮ್ಮ ಹತ್ತನೆಯ ಸುತ್ತಿನಲ್ಲಿ ಅಲ್ಲಿ ನಿಂತರು.

“ರೀ, ಈ ಚೀಟೀಲಿ ಎದೆಸುತ್ತು ನಲವತ್ತು ಅಂತಿದೆ. ನೀವು ಗೆರೆ ಎಳೆದಿದ್ದು ಜಾಸ್ತಿಗಲ್ವಾ?”

“ಹೊಲಿಗೆಗೆ ಬಿಡಬೇಡ್ವೇನೇ? ಅಂಚಿಗೆ ಒಂದೂವರೆ ಇಂಚು. ಕೈ ತಾನಾಗೇ ಬಿಡುತ್ತೆ, ನಾನು ಯೋಚನೇನೇ ಮಾಡಲ್ಲ.”

ಹಾಗೆಂದ ಮಾಸ್ತರರಿಗೆ ಕ್ಲಬ್ಬಿನ ಅಳತೆ ನೆನಪಾಯಿತು. ಕತ್ತರಿ ಕೆಳಗಿಟ್ಟರು. ಪ್ರಮಾಣಪತ್ರದ ನಕಲನ್ನು ಪೆಟ್ಟಿಗೆಯಿಂದ ತೆಗೆದು ಕನ್ನಡಕ ಏರಿಸಿದರು. ತಮ್ಮದೇ ಅಕ್ಷರ: ಅರವತ್ತೊಂದೂವರೆ, ಅರವತ್ತೊಂದೂವರೆ, ಅರವತ್ತೊಂದೂವರೆ, ಇಪ್ಪತ್ತನಾಲ್ಕು ಸಲ. ಟೇಪು ಇರುವುದೇ ಅರವತ್ತು ಇಂಚು. ನೆಲಕ್ಕೂ ಅವರು ಹೊಲಿಗೆ ಬಿಟ್ಟಿದ್ದರು! ಇಪ್ಪತ್ತನಾಲ್ಕು ಒಂದೂವರೆಗಳು ಸೇರಿದರೆ ಮೂವತ್ತಾರು ಇಂಚು, ಅಂದರೆ ಮೂರಡಿ. ಇಡೀ ಬಡಾವಣೆ ಯಾವ ಮೂರಡಿಗಾಗಿ ಏಳು ವರ್ಷ ಬಡಿದಾಡಿತ್ತೋ ಅದು ಭೂಮಿಯ ಮೇಲೆ ಇರಲೇ ಇಲ್ಲ; ಮಾಸ್ತರರ ಬೆರಳಿನ ಅಭ್ಯಾಸದಲ್ಲಿ ಮಾತ್ರ ಇತ್ತು. ಇಬ್ಬರು ವಕೀಲರು, ಮೂವರು ಎಂಜಿನಿಯರುಗಳು, ಒಬ್ಬ ಪ್ರಿನ್ಸಿಪಾಲರು ಆ ಹಾಳೆಯನ್ನು ಓದಿ ಸಹಿ ಹಾಕಿದ್ದರು. ದೇವರು ದೊಡ್ಡವನು, ವಿದ್ಯಾವಂತರಿಗೆ ಕಾಣದ್ದನ್ನು ಮಂಡಿನೋವಿನ ಹೆಣ್ಣುಮಗಳ ಬಾಯಿಂದ ಆಡಿಸಿದ.

ಮಾಸ್ತರರು ಪ್ರಿನ್ಸಿಪಾಲರ ಮನೆಗೆ ಓಡಿದರೆ, ಅವರು ಬಾಗಿಲು ಹಾಕಿ ದನಿ ತಗ್ಗಿಸಿದರು.

“ಮಾಸ್ಟ್ರೇ, ಇದನ್ನ ನೀವು ನೋಡೇ ಇಲ್ಲ. ನಾನೂ ಕೇಳಿಲ್ಲ.”

“ಪ್ರಮಾಣ ಮಾಡಿ ಹೇಳ್ಬೇಕಲ್ಲ ಸಾರ್.”

“ಬರೆದಿರೋದನ್ನ ಓದಿ, ಸಾಕು. ಬಿಲ್ಡರ್ ಎಷ್ಟು ಸುಳ್ಳು ಹೇಳಿದಾನೆ? ಬಾತುಕೋಳಿ ಹೇಳಲಿಲ್ವಾ? ನಾವು ಒಂದೂವರೆ ಇಂಚು ಹೇಳಿದ್ರೆ ಆಕಾಶ ಬೀಳುತ್ತಾ? ನಿಮ್ಮ ಮನೆಯವರ ಕಾಲು ನೆನಪು ಮಾಡ್ಕೊಳ್ಳಿ.”

ಆ ಕೊನೆಯ ಮಾತು ಸೂಜಿಯಂತೆ ನಾಟಿತು. ಮನೆಗೆ ಬಂದು ಮಾಸ್ತರರು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರು. ನಿಜ ಹೇಳಿದರೆ ದಾರಿ ಹೋಯಿತು, ಬಡಾವಣೆ ಮುಖ ತಿರುಗಿಸುತ್ತದೆ. ಹೇಳದಿದ್ದರೆ ದಾರಿ ಸಿಗುತ್ತದೆ.

ಆಕೆ, “ನೀವು ಸುಳ್ಳು ಹೇಳಿ ತಂದ ದಾರೀಲಿ ನಾನು ದೇವರ ಹೆಸರು ಹೇಳ್ಕೊಂಡು ಹೇಗ್ರೀ ನಡೀಲಿ?” ಎಂದರು. ಗೋಡೆ ಹಿಡಿದು ಎದ್ದು, “ಸ್ಟೂಲು ಸರಿಸಿ. ಇನ್ನೂ ಮೂವತ್ತು ಸುತ್ತು ಬಾಕಿ ಇದೆ” ಎಂದು ಅಡುಗೆಮನೆಯ ಕಡೆ ಹೊರಟರು.

ಮರುದಿನ ಕಟಕಟೆಯಲ್ಲಿ ನಿಂತ ಮಾಸ್ತರರು ಯಾರೂ ಏನೂ ಕೇಳುವ ಮೊದಲೇ ಕೈಮುಗಿದರು. “ಸ್ವಾಮಿ, ನನ್ನ ಅಳತೆ ತಪ್ಪು. ನೆಲಕ್ಕೆ ಹೊಲಿಗೆ ಬಿಟ್ಬಿಟ್ಟಿದೀನಿ.”

ನ್ಯಾಯಾಧೀಶರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. “ಅರವತ್ತು ಇಂಚಿನ ಟೇಪು ಅರವತ್ತೊಂದೂವರೆ ಅಳೆದಿದೆ. ಎರಡು ವರ್ಷದಿಂದ ಈ ಕಾಗದ ನಮ್ಮ ಕಡತದಲ್ಲಿದೆಯಲ್ಲ, ವಕೀಲರೇ?” ಎಂದು ಎರಡೂ ಕಡೆ ನೋಡಿದರು. ಎರಡೂ ಕಡೆಯ ವಕೀಲರು ಅತ್ಯಂತ ಶ್ರದ್ಧೆಯಿಂದ ತಮ್ಮ ತಮ್ಮ ಪೆನ್ನುಗಳನ್ನು ಪರೀಕ್ಷಿಸುತ್ತಿದ್ದರು.

ಬಿಲ್ಡರನ ವಕೀಲರು ಚೇತರಿಸಿಕೊಂಡು, ಮೊಕದ್ದಮೆ ಇಲ್ಲಿಗೇ ವಜಾ ಆಗಬೇಕೆಂದು ಕೂಗಿದರು. ನ್ಯಾಯಾಧೀಶರು ಒಪ್ಪಲಿಲ್ಲ. “ದಾರಿ ನಕ್ಷೆಯಲ್ಲಿದೆ, ನೆಲದ ಮೇಲಿಲ್ಲ. ಎಲ್ಲಿ ಹೋಯ್ತು ಅಂತ ನನಗೂ ತಿಳೀಬೇಕು. ಸರ್ಕಾರಿ ಸರ್ವೆಯರ್ ಎರಡೂ ಕಡೆಯ ಗಡಿ ಅಳೀಲಿ.”

ಎರಡೂ ಕಡೆ ಎಂಬ ಮಾತು ಆಗ ಯಾರ ಕಿವಿಗೂ ಬೀಳಲಿಲ್ಲ. ಎಲ್ಲರೂ ಮಾಸ್ತರರನ್ನು ದುರುಗುಟ್ಟಿ ನೋಡುವುದರಲ್ಲಿ ಮಗ್ನರಾಗಿದ್ದರು.

ಸರ್ವೆಯರ್ ಒಬ್ಬ ಹೆಣ್ಣುಮಗಳು. ಮೂರು ಕಾಲಿನ ಯಂತ್ರ ನೆಟ್ಟು ಕ್ಲಬ್ಬಿನ ಜಾಗ ಅಳೆದಳು: ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ, ನೂರ ಇಪ್ಪತ್ತು ಅಡಿ. ಬಿಲ್ಡರ್ ತನ್ನ ಜನ್ಮದಲ್ಲಿ ಒಂದೇ ಒಂದು ನಿಜ ಹೇಳಿದ್ದನು, ಅದನ್ನೇ ಯಾರೂ ನಂಬಿರಲಿಲ್ಲ. ಅನಂತರ ಆಕೆ ಯಂತ್ರವನ್ನು ಮೆಲ್ಲನೆ ಮನೆಗಳ ಕಡೆ ತಿರುಗಿಸಿದಳು.

“ಆ ಕಡೆ ಏನಮ್ಮಾ ನೋಡ್ತೀಯಾ?” ಎಂದು ಪ್ರಿನ್ಸಿಪಾಲರು ಧಾವಿಸಿದರು. “ಅದು ನಮ್ಮನೆ ಹಿತ್ತಲು.”

“ಎಲ್ಲಿಂದ ನಿಮ್ಮದು ಅಂತಾನೇ ನೋಡ್ತಿದೀನಿ ಸಾರ್.”

ಕಳೆದುಹೋದ ದಾರಿ ಅಲ್ಲಿತ್ತು. ಪಾರ್ಕಿಗೆ ಬೆನ್ನು ಕೊಟ್ಟ ಹನ್ನೊಂದು ಮನೆಗಳ ಬೇಲಿಯೂ ಮೂರು ಮೂರು ಅಡಿ ಮುಂದೆ ಬಂದಿತ್ತು. ಪಕ್ಕದವರು ಸರಿಸಿದರೆಂದು ಇವರು, ಇವರು ಸರಿಸಿದರೆಂದು ಆಚೆಯವರು. ಒಂದೇ ಬೇಸಿಗೆಯಲ್ಲಿ ಸಾಲಿಗೆ ಸಾಲೇ ಪಾದ ಬೆಳೆಸಿತ್ತು. ಹಲ್ಲಿನ ಡಾಕ್ಟರ ಗುಲಾಬಿ ಗಿಡಗಳು ದಾರಿಯ ಮೇಲೆ ಅರಳಿದ್ದವು. ಪ್ರಿನ್ಸಿಪಾಲರು ವ್ಯಾಯಾಮಕ್ಕೆಂದು ಕಟ್ಟಿಸಿದ ಕೋಣೆಯಲ್ಲಿ, ನಿಂತಲ್ಲೇ ನಡೆಯುವ ಯಂತ್ರವು ನಡಿಗೆಯ ದಾರಿಯ ಸರಿಯಾಗಿ ಮಧ್ಯದಲ್ಲಿ ಕುಳಿತಿತ್ತು. ಮಾಸ್ತರರ ಬಟ್ಟೆ ಒಗೆಯುವ ಕಲ್ಲು ಕೂಡ ದಾರಿಯಲ್ಲೇ ಇತ್ತು. ಊರವರ ಎದೆ, ಸೊಂಟ, ತೋಳುಗಳನ್ನೆಲ್ಲ ಅಳೆದ ಮಾಸ್ತರರು ತಮ್ಮ ಬೆನ್ನ ಹಿಂದಕ್ಕೆ ಒಮ್ಮೆಯೂ ಟೇಪು ಹಿಡಿದಿರಲಿಲ್ಲ. ನಾವು ಯಾರೂ ಹಿಡಿಯುವುದಿಲ್ಲ. ಪರಮಾತ್ಮನು ಮಾತ್ರ ಹಿಡಿಯುತ್ತಾನೆ, ಹೊಲಿಗೆಗೆಂದು ಒಂದು ನೂಲನ್ನೂ ಬಿಡುವುದಿಲ್ಲ.

ಹನ್ನೊಂದು ಮನೆಗಳೂ ಬೇಲಿ ಹಿಂದೆ ಸರಿಸಬೇಕು, ಬಿಲ್ಡರ್ ಅಲ್ಲಿ ದಾರಿ ಹಾಕಿಕೊಡಬೇಕು ಎಂದು ತೀರ್ಪು ಬಂತು. ಅಂದಿನ ಸಂಘದ ಸಭೆಯಲ್ಲಿ ನಡೆದದ್ದನ್ನು ಕಂಡವರು ಕಣ್ಣುಜ್ಜಿಕೊಂಡರು. ಏಳು ವರ್ಷ ಹಾವು ಮುಂಗುಸಿಯಂತಿದ್ದ ಬಿಲ್ಡರ್ ಮತ್ತು ಪ್ರಿನ್ಸಿಪಾಲರು ಒಂದೇ ಬೆಂಚಿನಲ್ಲಿ ಕುಳಿತಿದ್ದರು! ದಾರಿ ಹಾಕುವ ಕೆಲಸ ಅವನಿಗೆ ಬೇಡ, ದಾರಿಯೇ ಇವರಿಗೆ ಬೇಡ. ಇಬ್ಬರೂ ಸೇರಿ ಮೇಲ್ಮನವಿ ಹಾಕುವುದಾಗಿ ಗೊತ್ತಾಯಿತು. ಬಿಲ್ಡರ್ ತನ್ನ ವಕೀಲರನ್ನೇ ಒದಗಿಸುವುದಾಗಿ ಹೇಳಿ ಪ್ರಿನ್ಸಿಪಾಲರ ಕೈ ಹಿಡಿದನು.

“ಮಾಸ್ಟ್ರೇ, ವಕಾಲತ್ತಿಗೆ ಸಹಿ ಹಾಕಿ” ಎಂದರು ಹಲ್ಲಿನ ಡಾಕ್ಟರು.

“ನಾನು ಹಾಕಲ್ಲ ಡಾಕ್ಟ್ರೇ. ನಮ್ಮ ಕಲ್ಲು ಇವತ್ತು ಬೆಳಿಗ್ಗೇನೇ ಕಿತ್ತಾಯ್ತು.”

“ಮೊದಲು ಕೇಸು ಹಾಳು ಮಾಡಿದ್ರಿ, ಈಗ ಒಗ್ಗಟ್ಟು ಹಾಳು ಮಾಡ್ತೀರಿ!”

ಮೂರು ತಿಂಗಳು ಯಾರೂ ಮಾಸ್ತರರಿಗೆ ಬಟ್ಟೆ ಕೊಡಲಿಲ್ಲ. ಬಡಾವಣೆಗೆ ಬರುವ ಮೊದಲಿನ ಊರಿನ ಗಿರಾಕಿಗಳಿಂದ ಕೆಲಸ ನಡೆಯಿತು. ಮೇಲಿನ ನ್ಯಾಯಾಲಯ ಮೇಲ್ಮನವಿಯನ್ನು ತೆಗೆದುಕೊಂಡಿತಾದರೂ ತಡೆಯಾಜ್ಞೆ ಕೊಡಲಿಲ್ಲ. ಬೇಲಿಗಳು ಹಿಂದೆ ಸರಿದವು, ಗುಲಾಬಿ ಕುಂಡಗಳಿಗೆ ಹೋಯಿತು, ವ್ಯಾಯಾಮದ ಕೋಣೆಗೆ ಅರ್ಧ ಗೋಡೆ ಉಳಿಯಿತು. ಕೆಂಪು ಕಲ್ಲುಪುಡಿಯ ದಾರಿ ಬಂತು.

ಮೊದಲ ದಿನ ಮಾಸ್ತರರ ಹೆಂಡತಿ ಗಂಡನ ಜೊತೆ ಆ ದಾರಿಯಲ್ಲಿ ನಿಧಾನವಾಗಿ ಹೊರಟರು. ಕಾಲಿಗೆ ಸ್ಟೂಲು ಸಿಗಲಿಲ್ಲ, ಲಾರಿ ಬರಲಿಲ್ಲ. ಪ್ರಿನ್ಸಿಪಾಲರು ತಮ್ಮ ಮುರಿದ ಗೋಡೆಯ ಹಿಂದೆ ಕೈಕಟ್ಟಿ ನಿಂತಿದ್ದರು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು.

“ಬನ್ನಿ ಅಣ್ಣಾ, ಒಂದು ಸುತ್ತು ಹಾಕೋಣ” ಎಂದರು ಆಕೆ.

ಪ್ರಿನ್ಸಿಪಾಲರು ಆ ಕಡೆ ಈ ಕಡೆ ನೋಡಿ, ಒಂದು ಕಾಲನ್ನು ದಾರಿಯ ಮೇಲಿಟ್ಟರು, ಮತ್ತೊಂದನ್ನೂ ಇಟ್ಟರು. ಅರ್ಧ ಸುತ್ತು ಮುಗಿಯಿತು. ಆಮೇಲೆ ಅವರು ಮಾಸ್ತರರ ಹತ್ತಿರಕ್ಕೆ ಸರಿದರು.

“ಮಾಸ್ಟ್ರೇ, ನಾನು ಈ ದಾರೀಲಿ ನಡೆದೆ ಅಂತ ಕೋರ್ಟಲ್ಲಿ ಹೇಳ್ಬಾರದು. ನಾಳೆ ಅದನ್ನ ರಾಜಿ ಅಂದ್ಬಿಡ್ತಾರೆ.”

“ನಾನಾಗಿ ಹೇಳಲ್ಲ ಸಾರ್” ಎಂದರು ಮಾಸ್ತರರು. “ಕೇಳಿದ್ರೆ ಹೇಳ್ತೀನಿ.”

ಪ್ರಿನ್ಸಿಪಾಲರು ನಿಂತರು, ಯೋಚಿಸಿದರು, ನಿಟ್ಟುಸಿರು ಬಿಟ್ಟು ಮತ್ತೆ ನಡೆದರು.