ಹದಿನಾರು ಕಂಬದ ಮನೆ ಬಿಚ್ಚಿದ ಚಂದಯ್ಯ

ಹಟ್ಟಿಯಂಗಡಿಯ ಆಚೆ, ಗದ್ದೆಬೈಲಿಗೆ ಮುಖ ಮಾಡಿ ನಿಂತಿದ್ದ ಮೂಡುಮನೆಯಲ್ಲಿ ಚಂದಯ್ಯ ಆಚಾರಿಗೆ ಗುರುತಿಲ್ಲದ ಮರದ ತುಂಡು ಒಂದೂ ಇರಲಿಲ್ಲ. ಅಪ್ಪನ ಉಳಿಚೀಲ ಹೊತ್ತು ಆ ಅಂಗಳಕ್ಕೆ ಬಂದಾಗ ಅವನಿಗೆ ಹನ್ನೆರಡು. ಈಗ ಅರವತ್ತಮೂರು. ಇಷ್ಟು ವರ್ಷವೂ ಮಳೆಗೆ ಮೊದಲು ಹೆಂಚಿನ ಮಾಡು ಹತ್ತಿ, ಜಂತಿ ತಟ್ಟಿ, ಸದ್ದಿನಲ್ಲೇ ಗೆದ್ದಲು ಎಲ್ಲಿದೆ ಎಂದು ಹೇಳುತ್ತಿದ್ದ. ಚಾವಡಿಗೆ ಹದಿನಾರು ಹಲಸಿನ ಕಂಬ. ನಿಲ್ಲಿಸಿದವನು ಅವನ ಮುತ್ತಜ್ಜ. ಒಂದು ಕಬ್ಬಿಣದ ಮೊಳೆ ಇಲ್ಲ. ಎಲ್ಲ ಮರದ ಬೆಣೆಯ ಹಿಡಿತ.

ಮನೆ ನೋಡಿಕೊಳ್ಳುತ್ತಿದ್ದವರು ಸರಸಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ್ದ ಅವರು ಇಪ್ಪತ್ತು ವರ್ಷ ಹಿತ್ತಿಲಲ್ಲೇ ದಿನ ಕಳೆದರು. ಸುರಗಿ, ಜೀಗುಜ್ಜೆ, ಪುನರ್ಪುಳಿ, ನಾಲ್ಕು ಬಗೆಯ ಅಬ್ಬಲಿಗೆ, ಕೆರಾಡಿಯ ಕಾಡಂಚಿನಿಂದ ತಂದು ಕಸಿ ಕಟ್ಟಿದ ಮಿಡಿಮಾವು. ಜಾಗದ ದಾಖಲೆ ಮಾತ್ರ ತಮ್ಮ ಭೋಜರಾಜ ಶೆಟ್ಟರ ಹೆಸರಲ್ಲಿತ್ತು. ಪುಣೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಅವರು ಮನೆ ಕೆಡವಿ ಸೈಟು ಮಾಡುವ ಮಾತೆತ್ತಿದ್ದರು.

ಅದನ್ನು ತಪ್ಪಿಸಲೆಂದೇ ಸರಸಮ್ಮ ನಿಖಿತಾಳನ್ನು ಕರೆಸಿದ್ದು. ಹಳೆಯ ಕಟ್ಟಡಗಳ ಬಗ್ಗೆ ಓದಿ, ಅವುಗಳ ಮೇಲೆ ಪುಸ್ತಕ ಬರೆಯುತ್ತಿದ್ದ ಹುಡುಗಿ. ಮನೆಯ ಬೆಲೆ ಏನೆಂದು ಪುಸ್ತಕದಲ್ಲಿ ಕಂಡರೆ ತಮ್ಮನ ಮನಸ್ಸು ತಿರುಗೀತು ಎಂಬುದು ಅವರ ಆಸೆ. ನಾಲ್ಕು ದಿನ ಅವಳು ಅಳತೆ ತೆಗೆದಳು, ಚಂದಯ್ಯ ಟೇಪು ಹಿಡಿದ. ಯಾವ ಬೆಣೆ ಮೊದಲು, ಯಾವುದು ಆಮೇಲೆ, ಯಾವ ಕಂಬದ ಮೇಲೆ ಯಾವ ತೊಲೆಯ ಭಾರ ಎಂದು, ಕೆಲಸ ಕಲಿಯಲು ಬಂದವರಿಗೂ ಹೇಳದ್ದನ್ನೆಲ್ಲ ಅವಳಿಗೆ ಹೇಳಿದ. ಅವನ ಮಾತನ್ನು ಬರೆದುಕೊಂಡವರು ಅವಳಲ್ಲದೆ ಬೇರೆ ಯಾರೂ ಇರಲಿಲ್ಲ. ಪುಸ್ತಕ ಬಂದಾಗ ಅದರಲ್ಲಿ ಅವನ ಹೆಸರಿತ್ತು, ಮುತ್ತಜ್ಜನ ಹೆಸರೂ ಇತ್ತು. ಹೆಂಡತಿ ಅಕ್ಕು ಅದನ್ನು ದೇವರ ಪಟದ ಹತ್ತಿರ ಇಟ್ಟಳು.

ಇನ್ನೊಂದು ಪ್ರತಿ ಪುಣೆಗೆ ಹೋಯಿತು. ಭೋಜರಾಜ ಶೆಟ್ಟರು ಪೂರಾ ಓದಿದರು. ತಿಂಗಳೊಳಗೆ ಬಂದರು, ನಾವುಂದದ ಕಡಲಂಚಿನಲ್ಲಿ ರೆಸಾರ್ಟ್ ಕಟ್ಟುತ್ತಿದ್ದ ಒಬ್ಬನನ್ನು ಕರೆದುಕೊಂಡು. ಆತ ಪುಸ್ತಕ ಬಿಡಿಸಿ ಹಿಡಿದು, ಕಂಬದಿಂದ ಕಂಬಕ್ಕೆ ಹೋಗಿ ಬೆರಳು ಮಾಡಿ ಗುರುತು ಹಾಕಿದ. ಹೆಬ್ಬಾಗಿಲು, ತೊಲೆ, ಮರದ ಮುಚ್ಚಿಗೆ, ಯಾವುದನ್ನೂ ಬಿಡದೆ ತನ್ನ ರೆಸಾರ್ಟಿಗೆಂದು ಬೆಲೆ ಮಾತಾಡಿದ. ಸರಸಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಚಂದಯ್ಯ ಬಿಚ್ಚಲಾರೆ ಎಂದ. ಭೋಜರಾಜರು ಸಿಟ್ಟಾಗಲಿಲ್ಲ.

"ಆಚಾರ್ರೆ, ಒಡೀದೆ ಬಿಚ್ಚುಕೆ ನಿಮ್ಗೊಬ್ರಿಗೇ ಗೊತ್ತಿಪ್ಪುದ್. ನೀವ್ ಬಾರ್ದೆ ಇದ್ರೆ ಅವ್ರ್ ಮಿಷನ್ ತಕಂಡ್ ಬತ್ರ್."

ಅಕ್ಕು ಹೋಗಬೇಡ ಎಂದಳು. ಆ ಮರಕ್ಕೆ ಗರಗಸದ ಮಿಷನ್ ಬೀಳುವುದನ್ನು ನೆನೆದು ಅವನು ಹೋದ.

ಹನ್ನೊಂದು ದಿನ ಬೇಕಾಯಿತು. ಬೆಣೆ ಒಂದೊಂದಾಗಿ ಸಡಿಲಿಸಿ, ಕಂಬಕ್ಕೆ ಸೀಮೆಸುಣ್ಣದಲ್ಲಿ ನಂಬರು ಬರೆದು ಇಳಿಸಿದ. ಒಂದು ಬೆಣೆಯೂ ಸೀಳಲಿಲ್ಲ, ಅದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಹನ್ನೆರಡನೇ ದಿನ ಬೆಳಿಗ್ಗೆ ಜೆಸಿಬಿ ಹಿತ್ತಿಲಿಗೆ ಇಳಿಯಿತು. ಪುಸ್ತಕದ ಕೊನೆಯಲ್ಲಿ ಗಿಡಮರಗಳ ಹೆಸರು ಏಳು ಪುಟ ಇತ್ತು, ಆ ಪುಟಗಳನ್ನು ಯಾರೂ ಕೇಳಲಿಲ್ಲ. ಸುರಗಿ ಮರ ಬೇರು ಸಮೇತ ಮಗುಚಿದಾಗ ಮೈತುಂಬ ಮೊಗ್ಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕೆಂಪು ಮಣ್ಣು ಬಿಟ್ಟರೆ ಏನೂ ಉಳಿಯಲಿಲ್ಲ. ಸರಸಮ್ಮನನ್ನು ಮಗಳು ಸುಪ್ರೀತಾ ಬ್ರಹ್ಮಾವರದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು.

ನಾವುಂದದಲ್ಲಿ ಕಂಬ ನಿಲ್ಲಿಸುವುದಕ್ಕೂ ಚಂದಯ್ಯನನ್ನೇ ಕರೆದರು. ಅಲ್ಲಿಯ ದೊಡ್ಡ ಹಾಲ್‌ನ ತಾರಸಿ ತಗ್ಗು, ಕಂಬ ಉದ್ದ. ಒಂದೂವರೆ ಅಡಿ ಕತ್ತರಿಸಿ ಎಂದರು. ಬುಡ ಕಲ್ಲಿನ ಪೀಠದಲ್ಲಿ ಕೂರಬೇಕಿತ್ತು, ಕತ್ತರಿಸಬೇಕಾದದ್ದು ತಲೆಯನ್ನು, ಮುತ್ತಜ್ಜ ತಾವರೆ ಕೆತ್ತಿದ್ದ ಭಾಗವನ್ನು. ಅವನು ಉಳಿ ಕೆಳಗಿಟ್ಟು ಹೊರಗೆ ಬಂದು ಮರಳಿನಲ್ಲಿ ಕುಳಿತ. ಒಳಗೆ ಮಿಷನ್ ಶುರುವಾಯಿತು. ಹದಿನಾರು ಸಲ ಅದು ಕೂಗಿ ನಿಲ್ಲುವವರೆಗೂ ಎದ್ದು ಹೋಗಲು ಅವನಿಂದಾಗಲಿಲ್ಲ.

ಆಮೇಲೆ ಅವನು ಮರ ಮುಟ್ಟಲಿಲ್ಲ. ಒಂದು ದಿನ ಬ್ರಹ್ಮಾವರಕ್ಕೆ ಹೋಗಿದ್ದಾಗ ಸರಸಮ್ಮನನ್ನು ಕಂಡು ಬಂದ. ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಕುಳಿತಿದ್ದರು. ಬಹಳ ಇಳಿದುಹೋಗಿದ್ದರು. ಹಿತ್ತಿಲಿನ ಸುದ್ದಿ ಎತ್ತಲಿಲ್ಲ.

"ಕಂಬ ಎಲ್ಲ ಹ್ಯಾಂಗಿತ್ತ್ ಚಂದಯ್ಯ?"

"ಚಂದ ಇತ್ತಮ್ಮ. ಇದ್ದಾಂಗೇ ನಿಲ್ಸಿರ್."

"ಹಂಗಾರೆ ಅದಾರೂ ಉಳೀತ್ ಕಾಣ್," ಎಂದರು ಸರಸಮ್ಮ. ಒಂದು ಸರ್ತಿ ಕರೆದುಕೊಂಡು ಹೋಗಿ ತೋರಿಸುತ್ತೀಯಾ ಎಂದೂ ಕೇಳಿದರು.

ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಎಂದು ಸುಳ್ಳು ಹೇಳಿ, ಸುಪ್ರೀತಾ ತಂದಿಟ್ಟ ಚಾ ಕುಡಿಯದೆ ಚಂದಯ್ಯ ಮೆಟ್ಟಿಲಿಳಿದ.