ರೊಟ್ಟಿಯ ಹಿಂದೆ ಹೋದ ಮಹೇಶ್ವರಿ

ಇಳಕಲ್ಲಿನಲ್ಲಿ ಮಹೇಶ್ವರಿಯ ರೊಟ್ಟಿ ಮನೆಗೆ ದಾರಿ ಕೇಳಬೇಕಿಲ್ಲ. ಪವರ್‌ಲೂಮುಗಳ ಖಟಖಟದ ನಡುವೆ ಎಲ್ಲಿ ಪಟಪಟ ಎಂಬ ಬೇರೆ ಸದ್ದು ಕೇಳುತ್ತದೋ ಆ ಬಾಗಿಲಿಗೆ ಹೋದರಾಯಿತು. ಒಳಗೆ ಕಾಲಿಟ್ಟರೆ ಹೊಗೆ, ಹಿಟ್ಟು, ನಗೆ ಮೂರೂ ಒಟ್ಟಿಗೇ ಮುಖಕ್ಕೆ ಬಡಿಯುತ್ತವೆ. ಒಬ್ಬಳು ಕುದಿಯುವ ನೀರು ಹಾಕಿ ಜೋಳದ ಹಿಟ್ಟು ನಾದುತ್ತಾಳೆ, ನಾಗರತ್ನಾ ಮತ್ತವಳ ಜೊತೆಯವರು ರೊಟ್ಟಿ ಬಡಿಯುತ್ತಾರೆ, ಹಂಚಿನ ಮುಂದೆ ಕೂತವರು ಬೇಯಿಸುತ್ತಾರೆ. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ಆನಿಸಿ ನಿಲ್ಲಿಸಿದರೆ ಅದು ಗರಿಗರಿಯಾಗಿ ಖಡಕ್ ರೊಟ್ಟಿ ಆಗುತ್ತದೆ. ಊರೂರಿಗೆ ಹೋಗುವುದು ಈ ಖಡಕ್ ರೊಟ್ಟಿಯೇ.

ಹೋಗುವ ಮೊದಲು ಅದು ಒಂದು ಪರೀಕ್ಷೆ ಪಾಸಾಗಬೇಕು. ಮಹೇಶ್ವರಿ ಬಾಗಿಲ ಬಳಿ ದೊಡ್ಡ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಒಂದೊಂದೇ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಟಕ್ ಅನ್ನಿಸುತ್ತಿದ್ದಳು. ಸದ್ದು ಬಂದರೆ ಮಾರಾಟದ ಕಟ್ಟಿನೊಳಗೆ ಸೇರಿತು, ಬರದಿದ್ದರೆ ಒಲೆಗೆ ವಾಪಸ್ಸು. ಈ ಕೆಲಸ ಬೇರೆ ಯಾರಿಗೂ ಇಲ್ಲ. ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಾಗಲೂ ಬುಟ್ಟಿಯನ್ನು ಮಂಚದ ಹತ್ತಿರ ತರಿಸಿಕೊಂಡ ಹೆಂಗಸು ಆಕೆ! ತನ್ನ ಕಿವಿಯ ಮೇಲೆ ಅವಳಿಗೆ ಅಷ್ಟು ಜಂಬ, ಸುಳ್ಳು ಯಾಕೆ ಹೇಳಬೇಕು.

ಆದರೆ ಈ ಶ್ರಾವಣದಲ್ಲಿ ಜಂಬಕ್ಕೆ ಪೆಟ್ಟು ಬಿತ್ತು. ದಿನವೂ ಜಿಟಿಜಿಟಿ ಮಳೆ. ಮೆತ್ತಗಾದ ರೊಟ್ಟಿ ದಿನದಿನಕ್ಕೆ ಹೆಚ್ಚಾಗುತ್ತಾ ಹೋಯಿತು. ವಾಪಸ್ಸು ಹೋದದ್ದು ಮತ್ತೆ ಕಾದು ಬರುವಷ್ಟರಲ್ಲಿ ಬಾದಾಮಿಯ ಬಸ್ಸು ಹೊರಟುಹೋಗುತ್ತಿತ್ತು. ಅಲ್ಲಿ ಗುಹೆ ನೋಡಲು ಬಂದವರಿಗೆ ಊಟ ಹಾಕುವ ಖಾನಾವಳಿಯ ಮುತ್ತುರಾಜ ಫೋನಿನಲ್ಲಿ ಕೂಗಾಡಿದ.

"ಅಕ್ಕಾರ, ಮಂದಿ ತಾಟ ಮುಂದಿಟ್ಕೊಂಡು ಕುಂತಾರ. ನಿಮ್ಮ ರೊಟ್ಟಿ ಇನ್ನೂ ಇಳಕಲ್ಲಾಗ ಐತಿ. ಹಿಂಗಾದ್ರ ನಾ ಬ್ಯಾರೆ ಕಡಿ ನೋಡ್ಕೋತೇನಿ."

ಆ ಹೊತ್ತಿಗೇ ಬಾಗಲಕೋಟೆಯಲ್ಲಿ ಸಣ್ಣ ಉದ್ಯಮ ನಡೆಸುವ ಹೆಂಗಸರಿಗೆ ತರಬೇತಿ ಇದೆ ಎಂದು ಯಾರೋ ಹೇಳಿದರು. ವಾರಕ್ಕೊಂದು ದಿನ. ಕಲಿಸುವ ವಿಷಯ ಆಪರೇಷನ್ಸ್ ಮ್ಯಾನೇಜ್‌ಮೆಂಟ್. ಹೆಸರು ಕೇಳಿ ಮಹೇಶ್ವರಿ ಮೊದಲು ಗಾಬರಿಯಾದಳು, ದವಾಖಾನೆಯ ಆಪರೇಷನ್ ಇರಬೇಕು ಅಂದುಕೊಂಡು. ಆದರೂ ಹೋದಳು.

ಹೋದವಳು ಕಣ್ಣರಳಿಸಿ ಕೂತುಬಿಟ್ಟಳು. ಕಲಿಸುತ್ತಿದ್ದ ಪ್ರಿಯದರ್ಶಿನಿ ಮೇಡಂ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಗಸರನ್ನು ಸಾಲಾಗಿ ಕೂರಿಸಿ ಒಂದು ಕಡೆ ಹುಣಸೆ ಬೀಜದ ಗುಡ್ಡೆ ಹಾಕಿದಳು. ಎಲ್ಲರಿಗೂ ಸೌಟು ಕೊಟ್ಟು ನಡುವೆ ಒಬ್ಬಳಿಗೆ ಮಾತ್ರ ಚಹದ ಚಮಚೆ ಕೊಟ್ಟಳು. ಬೀಜವನ್ನು ಕೈಯಿಂದ ಕೈಗೆ ದಾಟಿಸಬೇಕು. ಚಮಚೆಯವಳ ಮುಂದೆ ಬೀಜ ಗುಡ್ಡೆ ಬಿತ್ತು, ಅವಳ ಆಚೆಯವರು ಸೌಟು ಹಿಡಿದು ಸುಮ್ಮನೆ ಕೂತರು. ಕೋಣೆಯೆಲ್ಲ ನಗು.

"ನೋಡ್ರಿ, ರಾಶಿ ಎಲ್ಲಿ ಬಿದ್ದೈತೋ ತಡೆ ಅಲ್ಲೇ ಐತಿ. ಉಳಿದವರು ಎಷ್ಟ ಜೋರ ಮಾಡಿದ್ರೂ ಉಪಯೋಗಿಲ್ಲ," ಅಂದಳು ಮೇಡಂ.

ಮಹೇಶ್ವರಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ರೊಟ್ಟಿ ಮಾರಿದರೂ ಇದು ಹೊಳೆದಿರಲಿಲ್ಲ! ಊರಿಗೆ ವಾಪಸ್ಸು ಬರುವಾಗ ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಪಕ್ಕದ ಅಪರಿಚಿತ ಮುದುಕಿಗೆ ಹುಣಸೆ ಬೀಜದ ಕಥೆ ಹೇಳಿದಳು. ಮುದುಕಿ ಹೂಂ ಹೂಂ ಅನ್ನುತ್ತಲೇ ನಿದ್ದೆಹೋದಳು.

ಮರುದಿನ ಬೆಳಿಗ್ಗೆ ರೊಟ್ಟಿ ಮನೆಯೊಳಗೆ ಬಂದವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ಕಣ್ಣಾಡಿಸಿದಳು. ರಾಶಿ ಎಲ್ಲಿ ಬಿದ್ದಿದೆ? ಅಂಬವ್ವನ ಪಕ್ಕದಲ್ಲಿ! ಅಂಬವ್ವ ಹಂಚಿನ ಮುಂದೆ ಕೂರುವವರಲ್ಲಿ ಹಿರಿಯಳು, ನೇಕಾರರ ಮನೆಯವಳು, ಮಾತು ಕಡಿಮೆ. ಮೆತ್ತಗಾಗಿ ವಾಪಸ್ಸು ಬಂದ ರೊಟ್ಟಿಯೆಲ್ಲ ಅವಳ ಒಲೆಯ ಬಳಿಯೇ ಸೇರುತ್ತಿತ್ತು, ಎರಡನೇ ಸಲ ಕಾಯಿಸುವವಳು ಅವಳೇ ಆದ್ದರಿಂದ. ಆ ರಾಶಿಯನ್ನು ಅಲ್ಲಿಗೆ ಕಳಿಸಿದ್ದು ಯಾರು ಎಂದು ಮಹೇಶ್ವರಿ ಕೇಳಿಕೊಳ್ಳಲಿಲ್ಲ. ಹೊಸದಾಗಿ ಕಲಿತವರ ಉಮೇದು ಹಾಗೇ, ಅರ್ಧ ಪಾಠಕ್ಕೇ ತೀರ್ಪು ಕೊಟ್ಟುಬಿಡುತ್ತಾರೆ.

"ಸಿಕ್ತು ನೋಡ್ರಿ," ಅಂದಳು ಎಲ್ಲರಿಗೂ ಕೇಳುವ ಹಾಗೆ. "ತಡೆ ಇಲ್ಲೇ ಐತಿ. ಅಂಬವ್ವಕ್ಕ, ನಿನ್ನ ಕೈಯಾಗ ರೊಟ್ಟಿ ಖಡಕ್ ಆಗೂದಿಲ್ಲ. ನಿನ್ನಿಂದ ಎಲ್ಲಾರ ಕೆಲಸ ನಿಂತೈತಿ. ನಾಳಿಂದ ಹಂಚು ಬ್ಯಾರೆಯವರಿಗೆ ಕೊಡ್ತೇನಿ."

ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಅಂಬವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ, ಪೂರಾ ಬೇಯಿಸಿ, ಇಳಿಸಿಟ್ಟಳು. ಆಮೇಲೆ ಎದ್ದು ಕೈ ತೊಳೆದಳು.

"ನಾಳಿ ಯಾಕ, ಇವತ್ತ ಕೊಡ್ರಿ. ಖರೆ ನನ್ನ ಕೈ ಮೆತ್ತಗ ರೊಟ್ಟಿ ಮಾಡಿಲ್ರಿ," ಅಂದು ಸೆರಗು ಕೊಡವಿ ಹೊರಟುಹೋದಳು.

ಅವಳ ಜಾಗಕ್ಕೆ ಬಂದ ಹೊಸಬಳು ಹಂಚಿನ ಕಾವಿಗೆ ಹೆದರಿ ಒಂದೆರಡು ದಿನಕ್ಕೇ ಓಡಿಹೋದಳು. ಮೆತ್ತಗಾಗುವ ರೊಟ್ಟಿ ಮಾತ್ರ ಕಡಿಮೆಯಾಗಲಿಲ್ಲ. ಮಹೇಶ್ವರಿ ಮುಂದಿನ ವಾರದ ಕ್ಲಾಸಿಗೆ ಮುಖ ಸಣ್ಣದು ಮಾಡಿಕೊಂಡೇ ಹೋದಳು. ತಡೆ ತೆಗೆದು ಹಾಕಿದರೂ ಯಾಕೆ ಸರಿಹೋಗಲಿಲ್ಲ ಎಂದು ಕೇಳಿಯೇ ಬಿಟ್ಟಳು.

"ತಡೆ ತೆಗದೀರೋ, ಮನಷಾರ್ನ ತೆಗದೀರೋ?" ಎಂದು ಪ್ರಿಯದರ್ಶಿನಿ ಮೇಡಂ ತಿರುಗಿ ಕೇಳಿದಳು. "ಯಾರು ತಡ ಮಾಡಿದ್ರು ಅಂತ ಕೇಳಬ್ಯಾಡ್ರಿ. ಎಲ್ಲಿ ತಡ ಆತು ಅಂತ ಕೇಳ್ರಿ. ಅದಕ್ಕ ಒಂದ ದಾರಿ. ನೀವು ಮಾಡೂ ಸಾಮಾನದಾಗ ಒಂದನ್ನ ಗುರ್ತು ಹಾಕ್ರಿ. ಶುರುವಿನಿಂದ ಕಡೀತನ ಅದರ ಹಿಂದ ಹೋಗ್ರಿ. ಅದು ಎಲ್ಲಿ ಸುಮ್ನ ಕುಂದರತೈತಿ, ಅಷ್ಟ ನೋಡ್ರಿ."

ಯಾರು ಅಲ್ಲ, ಎಲ್ಲಿ. ಮಹೇಶ್ವರಿಗೆ ಆ ಮಾತು ಚುಚ್ಚಿತು. ಆದರೆ ಚುಚ್ಚಿದ್ದಕ್ಕಿಂತ ಹೆಚ್ಚಾಗಿ ಕುಣಿಸಿತು. ರೊಟ್ಟಿಯ ಹಿಂದೆ ಹೋಗುವುದು! ಯಾವಾಗ ಬೆಳಗಾದೀತು ಎಂದು ಕಾದಳು.

ಬೆಳಗಾಯಿತು. ಅಂಬವ್ವನ ಹಂಚಿಗೆ ಜನ ಇರಲಿಲ್ಲವಾದ್ದರಿಂದ ತಾನೇ ಅಲ್ಲಿ ಕೂತಳು. ನಾಗರತ್ನಾ ಬಡಿದುಕೊಟ್ಟ ಒಂದು ರೊಟ್ಟಿಯ ಅಂಚನ್ನು ಬೆರಳಿನಿಂದ ಚಿವುಟಿ ಗುರುತು ಮಾಡಿದಳು. ಹಂಚಿಗೆ ಹಾಕಿದಳು, ನೀರಲ್ಲದ್ದಿದ ಅರಿವೆ ಆಡಿಸಿದಳು, ತಿರುವಿದಳು. ಬೆರಳು ಸುಟ್ಟುಕೊಂಡು ಅವ್ವಾ ಅಂದಳು. ಒಲೆಗೆ ಆನಿಸಿ ನಿಲ್ಲಿಸಿ, ಗರಿಯಾದ ಮೇಲೆ ಕಿವಿಯ ಹತ್ತಿರ ಹಿಡಿದು ಬಾರಿಸಿದಳು. ಟಕ್! ಇಂಥ ಸದ್ದು ಇಡೀ ವಾರದಲ್ಲಿ ಕೇಳಿರಲಿಲ್ಲ.

"ನೋಡ್ರಿಲೇ, ನನ್ನ ರೊಟ್ಟಿ!" ಎಂದು ಎಲ್ಲರಿಗೂ ತೋರಿಸಿದಳು. ಆಮೇಲೆ ಬಾಗಿಲ ಬಳಿಯ ಬುಟ್ಟಿಗೆ ಹಾಕಿಸಿದಳು.

ಹಂಚು ಬಿಟ್ಟು ಏಳುವ ಹಾಗಿಲ್ಲ. ಬುಟ್ಟಿ ತುಂಬುತ್ತಾ ಹೋಯಿತು, ರೊಟ್ಟಿಯ ಮೇಲೆ ರೊಟ್ಟಿ, ಬಿಸಿಯದರ ಮೇಲೆ ಬಿಸಿಯದು. ಹೊರಗೆ ಮಳೆಯ ತೇವದ ಗಾಳಿ. ನಾದಿದ ಹಿಟ್ಟೆಲ್ಲ ಮುಗಿದ ಮೇಲೆ ಮಹೇಶ್ವರಿ ತನ್ನ ಮಾಮೂಲಿ ಜಾಗಕ್ಕೆ ಬಂದು ಕೂತು ಒಂದೊಂದೇ ಎತ್ತಿ ಬಾರಿಸತೊಡಗಿದಳು. ಕೆಳಗಿನಿಂದ ಅಂಚು ಚಿವುಟಿದ ರೊಟ್ಟಿ ಬಂತು. ಬಾರಿಸಿದಳು. ಸದ್ದಿಲ್ಲ. ಮತ್ತೆ ಬಾರಿಸಿದಳು. ಹಸಿ ಅರಿವೆಯ ಹಾಗೆ ಬಾಗಿತು.

ಮೊದಲು ಅವಳಿಗೆ ಬಂದದ್ದು ಸಿಟ್ಟು. "ಇದರ ಮ್ಯಾಲ ಬಿಸಿ ರೊಟ್ಟಿ ಯಾರ ಇಟ್ರು?" ಎಂದು ಬಾಯಿಬಿಟ್ಟಳು. ಯಾರು ಎಂಬ ಮಾತು ಬಾಯಿಂದ ಬೀಳುತ್ತಲೇ ನಾಲಿಗೆ ಕಚ್ಚಿಕೊಂಡಳು. ಯಾರು ಅಲ್ಲ. ಎಲ್ಲಿ? ಹಿಟ್ಟು ಕಾಯಲಿಲ್ಲ, ನಾದಿದ ಕೂಡಲೇ ಬಡಿದರು. ಬಡಿದದ್ದು ಕಾಯಲಿಲ್ಲ, ಹಂಚಿಗೆ ಹೋಯಿತು. ಹಂಚಿನಿಂದ ಇಳಿದದ್ದು ಟಕ್ ಅಂದಿತ್ತು, ತನ್ನ ಕಿವಿಯೇ ಸಾಕ್ಷಿ. ರೊಟ್ಟಿ ಸುಮ್ಮನೆ ಕೂತದ್ದು ಒಂದೇ ಕಡೆ, ಈ ಬುಟ್ಟಿಯಲ್ಲಿ. ಯಾವುದಕ್ಕಾಗಿ ಕೂತಿತ್ತು? ಮಹೇಶ್ವರಿಯ ಉಗುರಿಗಾಗಿ! ದಿನವೂ ಅವಳು ಒಂದು ಬಾರಿಸುವಷ್ಟರಲ್ಲಿ ಬುಟ್ಟಿಗೆ ನಾಲ್ಕು ಬೀಳುತ್ತಿದ್ದವು. ಊರಿಗೆಲ್ಲ ಒಂದೇ ಕಿವಿ, ಆ ಕಿವಿಗಾಗಿ ಕಾದು ಕಾದು ಖಡಕ್ ರೊಟ್ಟಿ ಮೆತ್ತಗಾಗುತ್ತಿತ್ತು. ಮೆತ್ತಗಾದದ್ದನ್ನು ಅಂಬವ್ವನ ಒಲೆಗೆ ದೂಡಿ, ಅಲ್ಲಿ ರಾಶಿ ಬಿತ್ತೆಂದು ಅವಳನ್ನೇ ಎಬ್ಬಿಸಿದ್ದಾಯಿತು.

"ನಾನಽ!" ಎಂದು ಕೂಗಿದಳು. "ನಾಗಿ, ಚಮಚಿ ಹಿಡಕೊಂಡಾಕಿ ನಾನಽ!"

ನಾಗರತ್ನಾಗೆ ಏನೂ ತಿಳಿಯಲಿಲ್ಲ. ಮಹೇಶ್ವರಿ ನಗುತ್ತಿದ್ದಳು. ಇಷ್ಟು ದಿನ ಕಾಡಿದ ಗಂಟು ಬಿಚ್ಚಿದ ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಮಳೆಯಲ್ಲೇ ಅಂಬವ್ವನ ಮನೆಗೆ ನಡೆದಳು, ನಡೆದಳೇನು, ಓಡಿದಳು.

ಅಂಬವ್ವ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಮಹೇಶ್ವರಿ ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಚಿವುಟಿದ ರೊಟ್ಟಿ, ಬುಟ್ಟಿ, ತೇವ, ಉಗುರು. ಇನ್ನು ಮೇಲೆ ಹಂಚಿನವರೇ ಇಳಿಸಿದ ಕೂಡಲೇ ಬಾರಿಸಿ ನೋಡುವುದು, ಬಿಸಿ ಆರಿದ್ದೇ ಡಬ್ಬಿಗೆ ಹಾಕಿ ಮುಚ್ಚುವುದು. "ಹೆಂಗೈತಿ?" ಎಂದು ಹುಬ್ಬೇರಿಸಿದಳು.

ಅಂಬವ್ವ ರಾಟೆ ನಿಲ್ಲಿಸಲಿಲ್ಲ. "ಭಾಳ ಚಲೋ ಐತ್ರಿ. ಅದನ್ನ ನನಗ್ಯಾಕ ಹೇಳಾಕತ್ತೀರಿ?"

"ನಾಳಿ ನೀ ಬರಬೇಕಲ್ಲ, ಅದಕ್ಕ."

"ಎಲ್ಲಾರ ಮುಂದ ಹೋಗು ಅಂದ್ರಿ. ಬಾ ಅನ್ನಾಕ ಒಬ್ಬರ ಬಂದೀರಿ." ಅಂಬವ್ವ ಈಗ ತಲೆಯೆತ್ತಿದಳು. "ನೀರು ತರಾಕ ಹೋದ್ರ ಓಣ್ಯಾಗಿನ ಮಂದಿ ಕೇಳ್ತಾರ, ರೊಟ್ಟಿ ಕೆಡಿಸಿದ್ಯಂತಲ್ಲ ಅಂತ. ಹತ್ತು ವರ್ಷದಾಕಿ ಇದ್ದಾಗಿಂದ ಹಂಚಿನ ಮುಂದ ಕುಂತೇನ್ರಿ ನಾ. ಅವರಿಗೆ ಏನ ಹೇಳ್ಲಿ, ಬುಟ್ಟಿ ಕಥಿ ಹೇಳ್ಲೇನು?"

ಮಹೇಶ್ವರಿಯ ನಗು ಇಳಿದುಹೋಯಿತು. ರೊಟ್ಟಿಯ ಹಿಂದೆ ಕಡೆಯವರೆಗೂ ಹೋದವಳು ಮನುಷ್ಯರ ಹಿಂದೆ ಎರಡು ಹೆಜ್ಜೆಯೂ ಹೋಗಿರಲಿಲ್ಲ. ನಾಚಿಕೆಯಾಯಿತು, ಕೆಟ್ಟದಾಗಿ ನಾಚಿಕೆಯಾಯಿತು.

"ನಾಳಿ ಬಂದು ಬಾಗಲದಾಗ ನಿಂದ್ರು. ಒಳಗ ಬರೂದು ಬಿಡೂದು ಆಮ್ಯಾಲ ನಿನಗ ಬಿಟ್ಟದ್ದು," ಅಂದು ತಿರುಗಿ ಬಂದಳು.

ಮರುದಿನ ಅಂಬವ್ವ ಬಂದಳು, ಆದರೆ ಬಾಗಿಲಲ್ಲೇ ನಿಂತಳು. ಹಂಚಿನ ಮುಂದಿದ್ದ ಮಹೇಶ್ವರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. ಪ್ರೊಸೆಸ್ಸು, ವೇಟಿಂಗ್ ಟೈಮು ಎಂದು ಶುರುಮಾಡಿ ತೊದಲಿದಳು.

"ಯಕ್ಕಾ, ನಮಗ ತಿಳಿಯೂ ಹಂಗ ಹೇಳ್ರಿ," ಅಂದಳು ನಾಗರತ್ನಾ.

"ತಿಳಿಯೂ ಹಂಗ ಹೇಳ್ತೇನಿ. ಅಂಬವ್ವಕ್ಕನ ರೊಟ್ಟಿ ಖಡಕ್ ಇದ್ದುವು. ಮೆತ್ತಗ ಮಾಡಿದಾಕಿ ನಾನು, ನನ್ನ ಬುಟ್ಟ್ಯಾಗ ಕೊಳಿಹಾಕಿ. ತಪ್ಪು ನನ್ನದು, ಬೈಸಿಕೊಂಡಾಕಿ ಆಕಿ. ಅಂಬವ್ವಕ್ಕ, ಎಲ್ಲಾರ ಮುಂದ ಹೇಳಾಕತ್ತೇನಿ, ಹೊಟ್ಟಿಗೆ ಹಾಕ್ಕೋ."

ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಮಳೆಯ ನೀರೋ ಮತ್ತೇನೋ. ಆಮೇಲೆ ಒಳಗೆ ಬಂದು ಮಹೇಶ್ವರಿಯ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದಳು.

"ಆತು, ಆ ಕಡಿ ಸರೀರಿ. ಹಿಟ್ಟು ಆರಾಕತ್ತೈತಿ."

ಪಟಪಟ ಸದ್ದು ಮತ್ತೆ ಶುರುವಾಯಿತು. ಅಂಬವ್ವ ಮೊದಲ ರೊಟ್ಟಿಯನ್ನು ಗರಿಮಾಡಿ, ತನ್ನ ಕಿವಿಯ ಹತ್ತಿರ ಹಿಡಿದು ಟಕ್ ಅನ್ನಿಸಿದಳು. ಮಹೇಶ್ವರಿಯ ಕೈ ತಾನಾಗಿಯೇ ಮುಂದೆ ಚಾಚಿತು. ಅಂಬವ್ವ ಆ ಕೈಯನ್ನು ನೋಡಿದಳು.

"ಏನ್ರಿ?"

ಒಮ್ಮೆ, ಒಂದೇ ಒಂದು ಸಲ ಬಾರಿಸಿ ನೋಡಬೇಕೆಂದು ಮಹೇಶ್ವರಿಯ ಉಗುರು ತುರಿಸುತ್ತಿತ್ತು.

"ಏನಿಲ್ಲ," ಅಂದು ಆ ಕೈಯಿಂದಲೇ ಡಬ್ಬಿ ಎತ್ತಿ ಅವಳ ಮುಂದೆ ಹಿಡಿದಳು.