ಟ್ಯುಲಿಪ್ ನೆಟ್ಟ ಚಳಿಗಾಲ

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ನಮ್ಮ ಹೊಸಪೇಟೆಯ ಎಷ್ಟೋ ಮನೆಗಳಿಗೆ ಆಗ ದುಡ್ಡು ಬಾಗಿಲು ತಟ್ಟದೆಯೇ ಒಳಗೆ ಬಂತು. ಬುದ್ಧಿ ಮಾತ್ರ ಹೊರಗೇ ನಿಂತಿತ್ತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನಮ್ಮಪ್ಪ ಒಂದು ಲಾರಿ ಕೊಂಡ, ಆಮೇಲೆ ಇನ್ನಷ್ಟು ಕೊಂಡ. ಕುತ್ತಿಗೆಗೆ ಹಗ್ಗದಂಥ ಚೈನು ಬಂತು, ಮಾತಿನ ನಡುನಡುವೆ ಇಂಗ್ಲಿಷ್ ಬಂತು. ಊರ ಅಂಚಿನಲ್ಲಿ ಕಟ್ಟಿಸಿದ ಹೊಸ ಮನೆಗೆ ಗುಲಾಬಿ ಬಣ್ಣ ಬಳಿಸಿದ. ತಿಂಗಳೊಳಗೆ ಅದು ಕೆಂಪು ದೂಳು ಮೆತ್ತಿಕೊಂಡು ಇಟ್ಟಿಗೆ ಗೂಡಿನ ಹಾಗೆ ಕಾಣತೊಡಗಿತು.

ಆ ಮನೆಯಲ್ಲಿ ಮನುಷ್ಯರು ಕೂರುವಂಥ ಜಾಗ ಇದ್ದದ್ದು ಒಂದೇ, ಮುಂದಿನ ಅಂಗಳದಲ್ಲಿ ಅಜ್ಜಿ ಮಾಡಿಕೊಂಡಿದ್ದ ಹೂವಿನ ಮಡಿ. ಅಜ್ಜಿ ಅಂದರೆ ಅಪ್ಪನ ತಾಯಿ. ದಸರೆ ಮುಗಿಯುತ್ತಿದ್ದಂತೆ ಅವಳು ಸುಗಂಧರಾಜದ ಗಡ್ಡೆಗಳನ್ನು ಅಗೆದು, ನೆರಳಲ್ಲಿ ಹರಡಿ, ಮರಿಗಡ್ಡೆಗಳನ್ನು ಬಿಡಿಸುತ್ತಿದ್ದಳು. ಹೊಸ ಸಾಲುಗಳಿಗೆ ಸಗಣಿ ಗೊಬ್ಬರ, ಒಲೆ ಬೂದಿ. ಮಗ್ಗುಲಿಗೆ ಕನಕಾಂಬರ, ಕಾಕಡ. ಐದನೇ ಇಯತ್ತೆಯಲ್ಲಿ ಓದುತ್ತಿದ್ದ ನಾನು ಗಡ್ಡೆ ಎತ್ತಿ ಕೊಡುತ್ತಿದ್ದೆ. ಅವ್ವ ಅಲ್ಲಿಗೇ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತರುತ್ತಿದ್ದಳು. ಹಸಿ ಮಣ್ಣಿನ ವಾಸನೆಯಲ್ಲಿ ಕೂತು ತಿಂದ ಆ ಮಿರ್ಚಿಯ ರುಚಿ ಬೇರೆ.

ಆ ವರ್ಷ ಗಡ್ಡೆಗಳನ್ನು ಇನ್ನೂ ಅಗೆದಿರಲಿಲ್ಲ. ಅಪ್ಪ ಬೆಂಗಳೂರಿನಿಂದ ಒಂದು ಥರ್ಮೋಕೋಲ್ ಡಬ್ಬಿ ತಂದ. ಜೊತೆಗೆ ಟೋಪಿ ಹಾಕಿದ ಒಬ್ಬ ತೋಟದ ಕಂಟ್ರಾಕ್ಟರನನ್ನೂ ತಂದ.

"ಏನೋ ಅದು, ಉಳ್ಳಾಗಡ್ಡಿ ತಂದಿಯೇನು?" ಅಜ್ಜಿ ಕೇಳಿದಳು.

"ಉಳ್ಳಾಗಡ್ಡಿ ಅಲ್ಲಬೇ, ಟ್ಯುಲಿಪ್. ಥಂಡಿ ದೇಶದ ಹೂವು. ಸಂಕ್ರಾಂತಿ ಹೊತ್ತಿಗೆ ಅದಿರು ಕೊಳ್ಳೋ ಫಾರಿನ್ ಬೈಯರ್ ನಮ್ಮನಿಗೆ ಬರ್ತಾನ. ಗೇಟಿನ್ಯಾಗ ಕಾಲಿಟ್ಟ ಕೂಡ್ಲೇ ಅವನ ಕಣ್ಣಿಗೆ ಬೀಳಬೇಕು."

"ಥಂಡಿ ದೇಶದ್ದು ತಂದು ಹೊಸಪೇಟಿ ಬಿಸಿಲಿಗೆ ಇಡ್ತೀಯಾ? ನಿನ್ನ ತಲಿ ಬಿಸಿಲಿಗಿಟ್ಟಿಯೇನು ಮದ್ಲು?"

"ನಿನಗ ತಿಳಿಯಂಗಿಲ್ಲ ಬಿಡು. ಆ ಮಡಿ ಖಾಲಿ ಮಾಡಬೇಕು. ಸುಗಂಧರಾಜ ಹೆಣಕ್ಕ ಹಾಕೋ ಹೂವು, ಬಂದೋರು ಏನಂತಾರ?"

ಆಳುಗಳು ಗುದ್ದಲಿ ಹಾಕಿದಾಗ ಮೇಲೆ ಬಂದ ಗಡ್ಡೆಗಳನ್ನೆಲ್ಲ ಅಜ್ಜಿ ಆಯ್ದು ಗೋಣಿಚೀಲಕ್ಕೆ ತುಂಬಿದಳು. ಮರುದಿನ ಬೆಳಿಗ್ಗೆ ಆ ಚೀಲದ ಜೊತೆ ಬುಕ್ಕಸಾಗರದ ಬಸ್ಸು ಹತ್ತಿ ನನ್ನ ಸೋದರತ್ತೆಯ ಮನೆಗೆ ಹೋಗಿಬಿಟ್ಟಳು. ಅವ್ವ ಬಾಗಿಲಲ್ಲಿ ಅತ್ತಳು. ಅಪ್ಪ ಮೊಬೈಲಿನಿಂದ ತಲೆ ಎತ್ತದೆ, "ವಾರದಾಗ ತಾನೇ ಬರ್ತಾಳ ತಗಿ" ಅಂದ.

ಕಂಟ್ರಾಕ್ಟರ್ ಟ್ಯುಲಿಪ್ ಗಡ್ಡೆಗಳನ್ನು ನೆಟ್ಟು, ಮಣ್ಣು ತಂಪಾಗಿರಬೇಕು ಎಂದು ಹೇಳಿ ಹಣ ಎಣಿಸಿಕೊಂಡು ಹೋದ. ಅಷ್ಟಕ್ಕೆ ಅಪ್ಪನಿಗೆ ಐಸಿನ ವಿಚಾರ ಹೊಳೆಯಿತು. ದಿನಾ ಸಂಜೆ ಕಾರ್ಖಾನೆಯಿಂದ ಮಂಜುಗಡ್ಡೆ ಬರುತ್ತಿತ್ತು. ಆಳುಗಳು ಅದನ್ನು ಮಡಿಯ ಮೇಲೆ ಜೋಡಿಸಿ ಭತ್ತದ ಹೊಟ್ಟು ಸುರಿಯುತ್ತಿದ್ದರು. ಓಣಿಯ ಹುಡುಗರು ಕಾಂಪೌಂಡ್ ಹತ್ತಿ ನಗುತ್ತಿದ್ದರು. ಸ್ವಾಮಿಗಳ ಪಾದಪೂಜೆಗೂ ಅಷ್ಟು ಹೊತ್ತು ನಿಲ್ಲದ ಅಪ್ಪ, ಆ ಐಸಿನ ಮುಂದೆ ಕೈಕಟ್ಟಿ ನಿಂತಿರುತ್ತಿದ್ದ. ಕೆಲವು ಕಡೆ ಬಿಳಿಚಿದ ಎಲೆ ಇಣುಕಿ ನೋಡಿ ಮಲಗಿತು. ಉಳಿದದ್ದೆಲ್ಲ ಕೆಸರಲ್ಲಿ ಕೊಳೆತು, ಅಂಗಳ ಸತ್ತ ಇಲಿಯ ಹಾಗೆ ನಾರತೊಡಗಿತು.

"ಇನ್ನೂ ಟೈಮೈತ್ರಿ, ಸೇವಂತಿ ಕುಂಡ ತಂದು ಇಡೋಣು," ಅವ್ವ ಹೆದರುತ್ತಲೇ ಹೇಳಿದಳು.

"ಸೇವಂತಿ ಸಂತ್ಯಾಗ ಸಿಗ್ತೈತಿ. ನನ್ನ ಮನಿ ಏನು ಸಂತಿಯೇನು?" ಎಂದು ಅಪ್ಪ ಗದರಿದ. ಫ್ಯಾನ್ಸಿ ಅಂಗಡಿಯಿಂದ ಬಟ್ಟೆಯ ಟ್ಯುಲಿಪ್ ತರಿಸಿ, ತಂತಿಯ ಕಾಲುಗಳನ್ನು ಮಣ್ಣಿಗೆ ಚುಚ್ಚಿಸಿದ.

ಬೈಯರ್ ಬಂದ. ಅವನ ಕಾರು ಗೇಟಿನ ಮುಂದೆ ನಿಂತಿತು, ಒಳಗೆ ಬರಲಿಲ್ಲ. ಲಾರಿಗಳ ದೂಳಿಗೆ ಹೆದರಿ ಗಾಜು ನಾಲ್ಕು ಬೆರಳಷ್ಟೇ ಇಳಿಯಿತು. ಹೊರಬಂದ ಕೈಯನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು ಬಾಗಿದ. ಕೈ ಒಳಗೆ ಹೋಯಿತು, ಗಾಜು ಏರಿತು, ಕಾರು ಯಶವಂತನಗರದ ಗಣಿಗಳ ಕಡೆ ಹೊರಟಿತು. ಅಷ್ಟೇ. ಅವ್ವ ಮಾಡಿಟ್ಟಿದ್ದ ಹೋಳಿಗೆಯನ್ನು ಆಳುಗಳು ತಿಂದರು.

ಮುಂದಿನ ಭಾನುವಾರ ಅಪ್ಪ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬುಕ್ಕಸಾಗರಕ್ಕೆ ಹೋದ. ಮೊಮ್ಮಗಳ ಮುಖ ನೋಡಿದರೆ ಅಜ್ಜಿ ಕರಗುತ್ತಾಳೆ ಎಂದು ಅವನ ಲೆಕ್ಕ. ಅಜ್ಜಿ ಅತ್ತೆಯ ಗದ್ದೆಯ ಪಕ್ಕದ ತುಂಡು ನೆಲದಲ್ಲಿ ಕೂತು ಕಳೆ ಕೀಳುತ್ತಿದ್ದಳು. ಸುಗಂಧರಾಜ ಉದ್ದಕ್ಕೂ ದಂಟು ಬಿಟ್ಟಿತ್ತು. ಅಪ್ಪ ಬಿಳಿ ಬೂಟು ಹಾಕಿಕೊಂಡು ಬದುವಿನ ಮೇಲೇ ನಿಂತ.

"ಮನಿಗೆ ಬಾರಬೇ. ನಿನ್ನ ಜಾಗ ಹಂಗೇ ಐತಿ."

"ಬಟ್ಟಿ ಹೂವು ಚುಚ್ಚಿಸೀಯಂತ, ತಗದೀಯಾ?"

ಅಪ್ಪ ಬಾಗಿ ಬೂಟಿನ ಮೇಲಿನ ದೂಳು ಕೊಡವಿದ.

"ಬರ್ತೀನಿ. ಮದ್ಲು ಬೂಟು ಬಿಚ್ಚಿ ಒಳಗ ಬಾ. ನನ್ನ ಜೋಡಿ ಇದೊಂದು ಸಾಲು ಕಳಿ ಕಿತ್ತು ಮುಗಸು. ಚೀಲ ಈಗೇ ಕಟ್ತೀನಿ."

ಅವಳು ಕೇಳಿದ್ದು ಅಷ್ಟೇ. ಅಪ್ಪ ಕೆಸರು ನೋಡಿದ, ಬೂಟು ನೋಡಿದ, ದೂರದಲ್ಲಿ ನಿಂತು ನೋಡುತ್ತಿದ್ದ ಕೂಲಿಯವರನ್ನು ನೋಡಿದ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. "ಹಲೋ, ಹೇಳ್ರಿ ಸಾರ್" ಎನ್ನುತ್ತ ಕಾರಿನ ಕಡೆ ನಡೆದವನು ತಿರುಗಿ ಬರಲಿಲ್ಲ. ಹಾರ್ನ್ ಹೊಡೆದು ನನ್ನನ್ನು ಕರೆದ.

"ಮಣ್ಣು ಮಾರಿ ಉಣ್ಣಾಂವ ಮಣ್ಣು ಮುಟ್ಟಾಕ ನಾಚ್ತಾನ ನೋಡು," ಅಜ್ಜಿ ನನಗೆ ಹೇಳಿದಳು. ಬೈಗುಳವೂ ಇಲ್ಲ, ಕಣ್ಣೀರೂ ಇಲ್ಲ. ಕಿತ್ತ ಕಳೆಯನ್ನು ಬದುವಿನಾಚೆ ಎಸೆದು ಮುಂದಿನ ಸಾಲಿಗೆ ಸರಿದಳು.

ಅವಳು ಕೊನೆಯವರೆಗೂ ಅತ್ತೆಯ ಮನೆಯಲ್ಲೇ ಇದ್ದಳು. ಗಣಿ ನಿಂತಿತು, ಲಾರಿಗಳು ಗುಜರಿಗೆ ಹೋದವು, ಬೈಯರ್‌ಗಳು ಅಪ್ಪನ ಹೆಸರು ಮರೆತರು. ಅಂಗಳಕ್ಕೆ ಅಪ್ಪ ಟೈಲ್ಸ್ ಹಾಕಿಸಿದ, ಈಗ ಅಲ್ಲಿ ಕುರ್ಚಿ ಹಾಕಿಕೊಂಡು ಹಳೆಯ ದರ್ಬಾರಿನ ಕತೆ ಹೇಳುತ್ತಾನೆ. ಕೇಳುವವರೂ ಕಡಿಮೆಯಾಗಿದ್ದಾರೆ. ಹೋದ ದುಡ್ಡಿಗಾಗಿ ನನಗೆ ಎಳ್ಳಷ್ಟೂ ದುಃಖವಿಲ್ಲ. ಆ ಚಳಿಗಾಲದ ನಂತರ ಎಷ್ಟೋ ದಸರೆಗಳು ಬಂದುಹೋದವು. ನಮ್ಮ ಮನೆಯಲ್ಲಿ ಒಬ್ಬರ ಉಗುರಿನಲ್ಲೂ ಮಣ್ಣು ಸೇರಲಿಲ್ಲ.